ಬೆಟ್ಟ ಹತ್ತಿದಾಗಲೆಲ್ಲ ಹೊತ್ತಿಕೊಳ್ಳುವ ದೀಪ

ಪ್ರಶ್ನೆ: ನಮ್ಮೂರು ಮಸಿನಗುಡಿ. ಕಳೆದ ವರ್ಷ ಮೈಸೂರಿನಲ್ಲಿ ಸೆಕೆಂಡ್ ಹ್ಯಾಂಡ್ ಟರ್ಬೊ ಪೆಟ್ರೋಲ್ ಕಾರು ತೆಗೆದುಕೊಂಡೆ. ಹಳೆಯ ಮಾಲೀಕರೇ ಕೋನ್ ಫಿಲ್ಟರ್, ದಪ್ಪ ಸೈಲೆನ್ಸರ್ ಹಾಕಿಸಿ ಇಸಿಯು ರೀಮ್ಯಾಪ್ ಮಾಡಿಸಿದ್ದರು. ಮೈಸೂರಿಗೆ ಹೋಗಿಬಂದರೆ ಏನೂ ತೊಂದರೆ ಇಲ್ಲ. ಕಲ್ಲಟ್ಟಿ ಘಾಟಿ ಹತ್ತಿ ಊಟಿಗೆ ಹೊರಟರೆ ಮಾತ್ರ ಮೇಲಿನ ತಿರುವುಗಳಲ್ಲಿ ಚೆಕ್ ಎಂಜಿನ್ ದೀಪ ಹತ್ತಿಕೊಳ್ಳುತ್ತದೆ, ಪಿಕಪ್ ಸತ್ತುಹೋಗುತ್ತದೆ. ಕೀ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಗಾಡಿ ಎಳೆಯುತ್ತದೆ, ದೀಪ ಮಾತ್ರ ಆರುವುದಿಲ್ಲ. ಮೂರು ಗ್ಯಾರೇಜ್ ಸುತ್ತಿದ್ದಾಯಿತು. ಒಬ್ಬರು ಆಕ್ಸಿಜನ್ ಸೆನ್ಸರ್ ಬದಲಾಯಿಸಿದರು, ಇನ್ನೊಬ್ಬರು ಪ್ಲಗ್ ಬದಲಾಯಿಸಿದರು. ಮೂರನೆಯವರು ಸ್ಕ್ಯಾನರ್ ಹಾಕಿ ಕೋಡ್ ಅಳಿಸಿಕೊಟ್ಟು, ‘ಬೆಟ್ಟದ ಗಾಳಿಗೆ ಹಾಗೇ ಆಗೋದು, ಬೇಕಾದ್ರೆ ಆ ದೀಪಾನೇ ಕಟ್ ಮಾಡಿಬಿಡ್ತೀನಿ’ ಅಂದರು. ಹೆಂಡತಿಗೆ ಈಗ ಏಳು ತಿಂಗಳು. ಚೆಕಪ್‌ಗೆ ಊಟಿಗೇ ಹೋಗಬೇಕು. ‘ಈ ದರಿದ್ರದ ಕಾರು ಮೊದಲು ಮಾರು’ ಎಂದು ಅಪ್ಪನದು ದಿನವೂ ಜಗಳ. ಏನು ಮಾಡಲಿ?
— ಹೆಸರು ಬೇಡ, ಮಸಿನಗುಡಿ

ಉತ್ತರ: ಮೊದಲು ತುರ್ತಿನ ಮಾತು. ಈ ಕಾರು ರಿಪೇರಿಯಾಗಿ ಘಾಟಿಯಲ್ಲಿ ಪಾಸಾಗುವವರೆಗೆ ನಿಮ್ಮ ಹೆಂಡತಿಯನ್ನು ಅದರಲ್ಲಿ ಊಟಿಗೆ ಕರೆದೊಯ್ಯಬೇಡಿ. ಕಲ್ಲಟ್ಟಿಯ 36 ಹೇರ್‌ಪಿನ್ ತಿರುವುಗಳಲ್ಲಿ ಯಾವುದೋ ಒಂದರ ನಡುವೆ ಪಿಕಪ್ ಕೈಕೊಟ್ಟರೆ ಹಿಂದೆ ಬರುವ ಗಾಡಿಗೂ ಅಪಾಯ, ನಿಮಗೂ ಅಪಾಯ. ಅಲ್ಲಿ ಕೆಳಗಿಳಿದು ಬಾನೆಟ್ ಎತ್ತಿ ನೋಡೋಣ ಎಂದರೆ ಅದು ಆನೆ ಓಡಾಡುವ ಕಾಡು. ಮುಂದಿನ ಚೆಕಪ್‌ಗೆ ಊರಿನ ಟ್ಯಾಕ್ಸಿ ಹೇಳಿ. ರಾತ್ರಿ ಹೊತ್ತು ಹೊರಡಬೇಕಾಗಿ ಬಂದರೆ ಎಂದು ಒಬ್ಬ ಡ್ರೈವರ್‌ಗೆ ಈಗಲೇ ಹೇಳಿಟ್ಟಿರಿ. ಗುಂಡ್ಲುಪೇಟೆ ಕಡೆಯ ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ ಎನ್ನುವುದೂ ಲೆಕ್ಕದಲ್ಲಿರಲಿ. ಇಷ್ಟು ಏರ್ಪಾಡಾದರೆ ಮನೆಯ ಜಗಳದ ಅರ್ಧ ಕಾವು ಇಳಿಯುತ್ತದೆ. ಅಪ್ಪನಿಗೆ ಕಾರಿನ ಮೇಲೆ ಸಿಟ್ಟಿಲ್ಲ; ಸೊಸೆಯ ಬಗ್ಗೆ ಭಯ ಇದೆ.

ಇನ್ನು ಕಾರಿನ ವಿಷಯ. ಮೂರು ಗ್ಯಾರೇಜಿನಲ್ಲಿ ಹಣ ಕೊಟ್ಟಿದ್ದೀರಿ, ಆದರೆ ನಿಮ್ಮ ಪತ್ರದಲ್ಲಿ ಒಂದೇ ಒಂದು ಕೋಡ್ ನಂಬರ್ ಇಲ್ಲ. ಯಾರೂ ಬರೆದುಕೊಡಲಿಲ್ಲ, ನೀವೂ ಕೇಳಲಿಲ್ಲ. ಎಡವಟ್ಟಾದದ್ದು ಇಲ್ಲೇ. ದೀಪ ಹತ್ತಿದ ಕ್ಷಣದಲ್ಲಿ ಇಸಿಯು, ಅಂದರೆ ಎಂಜಿನ್‌ನ ಕಂಪ್ಯೂಟರ್, ಒಂದು ಕೋಡ್ ದಾಖಲಿಸುತ್ತದೆ. ಆಗ ಎಂಜಿನ್ ಎಷ್ಟು ಆರ್‌ಪಿಎಂನಲ್ಲಿತ್ತು, ಲೋಡ್ ಎಷ್ಟಿತ್ತು, ಗಾಡಿ ಯಾವ ವೇಗದಲ್ಲಿತ್ತು, ಬಿಸಿ ಎಷ್ಟಿತ್ತು ಎನ್ನುವುದನ್ನೂ ಜೊತೆಗೆ ಇಟ್ಟುಕೊಳ್ಳುತ್ತದೆ. ಇದಕ್ಕೆ ಫ್ರೀಜ್ ಫ್ರೇಮ್ ಎನ್ನುತ್ತಾರೆ. ಅಳಿಸಿಕೊಟ್ಟ ಮೆಕ್ಯಾನಿಕ್ ಆ ಸಾಕ್ಷಿಯನ್ನೇ ಅಳಿಸಿದರು. ಸ್ಟೀರಿಂಗ್ ಕೆಳಗಿನ ಒಬಿಡಿ ಸಾಕೆಟ್‌ಗೆ ಸಿಕ್ಕಿಸುವ ಬ್ಲೂಟೂತ್ ಸ್ಕ್ಯಾನರ್ ಸಾವಿರ ರೂಪಾಯಿಯ ಒಳಗೇ ಸಿಗುತ್ತದೆ, ಮೊಬೈಲ್‌ನಲ್ಲೇ ಓದಬಹುದು. ಒಂದು ತೆಗೆದಿಟ್ಟುಕೊಳ್ಳಿ. ಮುಂದಿನ ಸಲ ದೀಪ ಬಂದಾಗ ನಂಬರನ್ನೂ ಫ್ರೀಜ್ ಫ್ರೇಮನ್ನೂ ಫೋಟೊ ತೆಗೆದುಕೊಳ್ಳಿ. ಅದಾಗುವ ತನಕ ಯಾರಿಗೂ ಅಳಿಸಲು ಬಿಡಬೇಡಿ.

‘ಬೆಟ್ಟದ ಗಾಳಿಗೆ ಹಾಗೇ’ ಎನ್ನುವ ಮಾತು ಅರ್ಧ ಸತ್ಯ. ಊಟಿ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 101 ಕಿಲೋಪಾಸ್ಕಲ್ ಆದರೆ ಊಟಿಯಲ್ಲಿ 77ರ ಆಸುಪಾಸು, ಮಸಿನಗುಡಿಯಲ್ಲಿ 90ರ ಆಸುಪಾಸು. ಕಂಪನಿಯಿಂದ ಬಂದಂತೆಯೇ ಇರುವ ಕಾರಿಗೆ ಇದು ಸಮಸ್ಯೆಯಲ್ಲ. ಗಾಳಿ ಕಡಿಮೆಯಾದಂತೆ ಇಸಿಯು ಪೆಟ್ರೋಲನ್ನೂ ಕಡಿಮೆ ಬಿಡುತ್ತದೆ, ಟರ್ಬೊದಿಂದ ಕೇಳುವ ಒತ್ತಡವನ್ನೂ ತಗ್ಗಿಸುತ್ತದೆ. ಗಾಡಿ ಸ್ವಲ್ಪ ಮಂದವಾಗಬಹುದು, ದೀಪ ಹತ್ತಬಾರದು. ನಿಮ್ಮ ಕಾರಿನಲ್ಲಿ ಹತ್ತುತ್ತದೆ ಎಂದರೆ ಎಲ್ಲೋ ಒಂದು ಊನ ಮೊದಲೇ ಇದೆ, ಬೆಟ್ಟ ಅದನ್ನು ತೋರಿಸುತ್ತಿದೆ. ಮಾಡಿನ ತೂತು ಮಳೆಗಾಲದಲ್ಲೇ ತಾನೆ ಕಾಣುವುದು.

ನನ್ನ ಅನುಮಾನ ಮೊದಲು ರೀಮ್ಯಾಪ್ ಮೇಲೆ, ಅಂದರೆ ಇಸಿಯುವಿನ ಸಾಫ್ಟ್‌ವೇರ್ ಬದಲಿಸಿದ್ದರ ಮೇಲೆ. ಒಂದು ಉದಾಹರಣೆ ನೋಡಿ. ರೀಮ್ಯಾಪ್ ಮಾಡಿದವರು ಎಂಜಿನ್‌ಗೆ 200 ಕಿಲೋಪಾಸ್ಕಲ್ ಒತ್ತಡದ ಗಾಳಿ ಬೇಕೆಂದು ಬರೆದಿದ್ದಾರೆ ಎಂದುಕೊಳ್ಳಿ. ಸಮುದ್ರಮಟ್ಟದಲ್ಲಿ ಟರ್ಬೊ ಹೊರಗಿನ ಗಾಳಿಯನ್ನು 2 ಪಟ್ಟು ಒತ್ತಿದರೆ ಸಾಕು. ಮಸಿನಗುಡಿಯಲ್ಲಿ 2.2 ಪಟ್ಟು ಒತ್ತಬೇಕು. ಊಟಿ ಹತ್ತಿರವಾಗುವ ಹೊತ್ತಿಗೆ 2.6 ಪಟ್ಟು. ಕಂಪನಿಯ ಸಾಫ್ಟ್‌ವೇರ್ ಇಂಥ ಕಡೆ ತಾನಾಗಿಯೇ ಹಿಂದೆ ಸರಿಯುತ್ತದೆ. ಬಯಲುಸೀಮೆಯ ರಸ್ತೆ ನೋಡಿ ಬರೆದ ಅಗ್ಗದ ರೀಮ್ಯಾಪ್‌ನಲ್ಲಿ ಆ ಎಚ್ಚರಿಕೆ ಇರುತ್ತದೆ ಎಂಬ ಭರವಸೆ ಇಲ್ಲ. ಟರ್ಬೊ ಎಷ್ಟು ತಿರುಗಿದರೂ ಕೇಳಿದ ಒತ್ತಡ ಬಾರದೆ ಹೋದಾಗ ಇಸಿಯು ದೀಪ ಹತ್ತಿಸಿ ಶಕ್ತಿ ಕಡಿತ ಮಾಡುತ್ತದೆ. ಕೀ ಆಫ್ ಮಾಡಿದರೆ ಕಡಿತ ಬಿಡುವುದು, ದೀಪ ಉಳಿಯುವುದು, ಎರಡೂ ಇದಕ್ಕೆ ಹೊಂದುತ್ತವೆ. ನಿಮ್ಮ ಸ್ಕ್ಯಾನರ್‌ನಲ್ಲಿ ಪಿ 0299 ಎಂಬ ಕೋಡ್ ಬಂದರೆ ಅರ್ಥ ಇದೇ: ಟರ್ಬೊ ಒತ್ತಡ ಸಾಲದು.

ಒತ್ತಡ ಸೋರುತ್ತಿದ್ದರೂ ಇದೇ ಕೋಡ್ ಬರುತ್ತದೆ, ಹಾಗಾಗಿ ಅದನ್ನು ಮೊದಲು ನೋಡಿ. ಎಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ, ಟರ್ಬೊದಿಂದ ಇಂಟರ್‌ಕೂಲರ್‌ಗೆ, ಅಲ್ಲಿಂದ ಎಂಜಿನ್‌ಗೆ ಹೋಗುವ ದಪ್ಪ ಹೋಸ್‌ಗಳನ್ನು ಟಾರ್ಚ್ ಹಿಡಿದು ನೋಡುತ್ತಾ ಬನ್ನಿ. ಈ ಪೈಪುಗಳ ಒಳಗೆ ಸಣ್ಣಗೆ ಆಯಿಲ್ ಆವಿ ಓಡಾಡುತ್ತಿರುತ್ತದೆ. ಕ್ಲಾಂಪ್ ಸಡಿಲವಿದ್ದ ಕಡೆ ಅದು ಹೊರಗೆ ಜಿನುಗಿ, ನಿಮ್ಮೂರಿನ ಧೂಳು ಅಂಟಿಕೊಂಡು, ಕೀಲಿನ ಸುತ್ತ ಕಪ್ಪು ಉಂಗುರದ ಹಾಗೆ ಕಟ್ಟಿರುತ್ತದೆ. ಬೆರಳಿಟ್ಟರೆ ಜಿಡ್ಡು. ಅಂಥ ಉಂಗುರ ಕಂಡಲ್ಲಿ ಹೋಸ್ ಬಿಚ್ಚಿಸಿ, ಸೀಳು ಬಿಟ್ಟಿದೆಯೇ ನೋಡಿಸಿ, ಹೊಸ ಕ್ಲಾಂಪ್ ಹಾಕಿಸಿ. ಕಣ್ಣಿಗೆ ಏನೂ ಕಾಣದಿದ್ದರೆ ಸ್ಮೋಕ್ ಟೆಸ್ಟ್ ಮಾಡುವ ವರ್ಕ್‌ಶಾಪ್‌ಗೆ ಕೊಡಿ. ಪೈಪಿನೊಳಗೆ ಹೊಗೆ ಬಿಟ್ಟರೆ ಸೋರುವ ಜಾಗ ತಾನೇ ಗೊತ್ತಾಗುತ್ತದೆ.

ಒತ್ತಡ ಅಳೆಯುವ ಸೆನ್ಸರ್ ಕೆಟ್ಟಿದೆಯೋ ಎಂಬ ಅನುಮಾನಕ್ಕೆ ಖರ್ಚಿಲ್ಲದ ಪರೀಕ್ಷೆ ಒಂದಿದೆ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ ಸ್ಕ್ಯಾನರ್‌ನಲ್ಲಿ ಮ್ಯಾನಿಫೋಲ್ಡ್ ಒತ್ತಡ ಓದಿ. ಎಂಜಿನ್ ನಿಂತಿರುವುದರಿಂದ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು: ಮನೆಯ ಮುಂದೆ 90 ಹತ್ತಿರ, ಊಟಿಯಲ್ಲಿ 77 ಹತ್ತಿರ. ಎರಡೂ ಕಡೆ ಹೊಂದಿದರೆ ಆ ಸೆನ್ಸರ್ ಬದಲಾಯಿಸಲು ಯಾರಾದರೂ ಹೇಳಿದರೆ ಬೇಡ ಎನ್ನಿ.

ಕೋಡ್ ಬೇರೆ ಬಂದರೆ ದಾರಿಯೂ ಬೇರೆ. ಪಿ 0171 ಎಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಆಗ ಕೋನ್ ಫಿಲ್ಟರ್ ನೋಡಿ. ತೊಳೆದು ಎಣ್ಣೆ ಹಚ್ಚುವ ಬಗೆಯದಾದರೆ ಆ ಎಣ್ಣೆ ಹಾರಿ ಗಾಳಿ ಅಳೆಯುವ ಮ್ಯಾಫ್ ಸೆನ್ಸರ್ ಮೇಲೆ ಕೂರುತ್ತದೆ, ಅಳತೆ ತಪ್ಪುತ್ತದೆ. ನಿಮ್ಮ ಎಂಜಿನ್‌ನಲ್ಲಿ ಆ ಸೆನ್ಸರ್ ಇದ್ದರೆ ಅದಕ್ಕೆಂದೇ ಸಿಗುವ ಸ್ಪ್ರೇಯಿಂದ ಮಾತ್ರ ತೊಳೆಯಬೇಕು, ಬಟ್ಟೆಯಿಂದ ಒರೆಸಲೇಬಾರದು. ಪಿ 0300ರಿಂದ ಶುರುವಾಗುವ ಸಾಲಿನ ಕೋಡ್ ಬಂದರೆ ಮಿಸ್‌ಫೈರ್. ಟರ್ಬೊ ಒತ್ತಡ ಏರಿಸಿದ ಎಂಜಿನ್‌ಗೆ ಪ್ಲಗ್‌ನ ಗ್ಯಾಪ್ ಸ್ವಲ್ಪ ಕಿರಿದಾಗಿರಬೇಕು, ಇಲ್ಲದಿದ್ದರೆ ಏರಿನಲ್ಲಿ ಕಿಡಿ ಆರಿಹೋಗುತ್ತದೆ. ಹೊಸ ಪ್ಲಗ್ ಹಾಕಿದವರು ಇದನ್ನು ನೋಡಿದ್ದಾರೆಯೇ ಕೇಳಿ. ಪಿ 0420 ಬಂದರೆ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಮಾಡುತ್ತಿಲ್ಲ. ದಪ್ಪ ಸೈಲೆನ್ಸರ್ ಹಾಕುವಾಗ ಅದನ್ನೇ ತೆಗೆದುಹಾಕಿದ್ದಾರೋ ಏನೋ, ಗಾಡಿ ಎತ್ತಿಸಿ ಕೆಳಗೆ ನೋಡಿಸಿ. ಜೊತೆಗೆ ವೈರಿಂಗ್ ಮೇಲೂ ಕಣ್ಣಾಡಿಸಿ. ಕಾಡಂಚಿನ ಊರಿನಲ್ಲಿ ಇಲಿ ಬೆಚ್ಚಗಿನ ಎಂಜಿನ್ ಹುಡುಕಿಕೊಂಡು ಬರುತ್ತದೆ, ಕಡಿದ ಒಂದು ಎಳೆ ವೈರ್ ಸಾಕು ಇಷ್ಟೆಲ್ಲ ರಾದ್ಧಾಂತಕ್ಕೆ.

ನೋಡಿ ಮುಗಿದ ಮೇಲೂ ದೀಪ ಬಂದರೆ ಒಂದೊಂದಾಗಿ ಹಳೆಯದಕ್ಕೆ ಮರಳಿ. ಮೊದಲು ಕಂಪನಿಯ ಸಾಫ್ಟ್‌ವೇರ್ ವಾಪಸ್ ಹಾಕಿಸಿ, ಒಬ್ಬರೇ ಅದೇ ಕಲ್ಲಟ್ಟಿ ಹತ್ತಿ ನೋಡಿ. ಆಮೇಲೆ ಕಂಪನಿಯ ಫಿಲ್ಟರ್ ಡಬ್ಬಿ. ಆಮೇಲೆ ಸೈಲೆನ್ಸರ್. ಮೂರನ್ನೂ ಒಂದೇ ದಿನ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ. ದೋಷ ನಿಜವಾಗಿ ಹೋಗಿದ್ದರೆ ಯಾರೂ ಅಳಿಸಬೇಕಾಗಿಲ್ಲ. ಇಸಿಯು ಮತ್ತೆ ಮತ್ತೆ ಪರೀಕ್ಷಿಸಿ, ಸತತ ಮೂರು ಓಟದಲ್ಲಿ ದೋಷ ಕಾಣದಿದ್ದರೆ ತಾನೇ ದೀಪ ಆರಿಸುತ್ತದೆ. ತಾನಾಗಿ ಆರಿದ ದೀಪವನ್ನು ಮಾತ್ರ ನಂಬಿ.

ದೀಪ ಸುಮ್ಮನೆ ಉರಿಯುತ್ತಿದ್ದು ಗಾಡಿ ಎಂದಿನಂತೆ ಓಡುತ್ತಿದ್ದರೆ ನಿಧಾನವಾಗಿ ಮನೆ ಮುಟ್ಟಬಹುದು. ಮಿಣುಕಿದರೆ ಬೇಡ. ಮಿಣುಕುವುದೆಂದರೆ ಉರಿಯದ ಪೆಟ್ರೋಲ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತಿದೆ ಎಂದರ್ಥ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಇನ್ನು ದೀಪವನ್ನೇ ಕಟ್ ಮಾಡಿಕೊಡುತ್ತೇನೆ ಎಂದವರ ಅಂಗಡಿಗೆ ಮತ್ತೆ ಹೋಗಬೇಡಿ.

ಕಾನೂನಿನ ಒಂದು ಮಾತೂ ತಿಳಿದಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೂ ಕಂಪನಿ ಮೊದಲು ನಿಗದಿ ಮಾಡಿದ್ದಕ್ಕೂ ಹೊಂದದ ಮಾರ್ಪಾಡು ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಮಾರ್ಪಾಡು ಮಾಡುವ ಮಾಲೀಕರಿಗೆ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದು ಸೇರಿಸಲಾಯಿತು. ಮಾಡಿಸಿದವರು ಹಳೆಯ ಮಾಲೀಕರೇ ಆಗಿರಬಹುದು, ಆದರೆ ರಸ್ತೆಯಲ್ಲಿ ತಡೆದು ಕೇಳಿದರೆ ಎದುರು ನಿಲ್ಲುವವರು ನೀವು. ಅಪಘಾತವಾದರೆ ವಿಮೆಯವರಿಗೂ ನೆಪ ಸಿಗುತ್ತದೆ.

ಹಾಗಾದರೆ ಮಾರಬೇಕೇ? ಈಗಲೇ ಬೇಡ. ದೀಪ ಉರಿಯುವ ಕಾರಿಗೆ ಬೆಲೆಯೂ ಬರುವುದಿಲ್ಲ, ದೋಷ ಮುಚ್ಚಿಟ್ಟು ಇನ್ನೊಬ್ಬರ ತಲೆಗೆ ಕಟ್ಟುವುದು ಸರಿಯೂ ಅಲ್ಲ. ನಿಮ್ಮ ಕೈಗೆ ಈ ಕಾರು ಬಂದದ್ದೂ ಹೆಚ್ಚುಕಡಿಮೆ ಹಾಗೆಯೇ ಇರಬೇಕು. ಕೋಡ್ ಓದಿ, ಹೋಸ್ ನೋಡಿ, ಕಂಪನಿಯ ಸಾಫ್ಟ್‌ವೇರ್‌ಗೆ ಮರಳಿ. ಇದಿಷ್ಟೂ ಮೂರು ಗ್ಯಾರೇಜಿಗೆ ಕೊಟ್ಟದ್ದಕ್ಕಿಂತ ಕಡಿಮೆಯಲ್ಲಿ ಆಗಬಹುದು. ಅಪ್ಪನ ಬಳಿ ಹೋಗಿ ನೇರವಾಗಿ ಹೇಳಿ: ‘ಇವಳನ್ನು ಇದರಲ್ಲಿ ಕರೆದುಕೊಂಡು ಹೋಗಲ್ಲ. ಹೆರಿಗೆ ಆಗೋದರೊಳಗೆ ಸರಿಹೋದರೆ ಇಟ್ಟುಕೊಳ್ತೀನಿ, ಇಲ್ಲದಿದ್ದರೆ ಇರೋ ದೋಷ ಹೇಳಿಯೇ ಮಾರ್ತೀನಿ.’ ಹೇಳಿದ ಮಾತಿನಂತೆ ನಡೆಯಿರಿ. ಬಯಲಿನಲ್ಲಿ ಓಡುವ ಹುಚ್ಚಿಗೆ ಸಜ್ಜುಮಾಡಿದ ಕಾರು ನೀಲಗಿರಿಯ ಏರಿಗೆ ಹೊಂದುವುದಿಲ್ಲ. ಬೆಟ್ಟದಲ್ಲಿ ಬಾಳುವವರಿಗೆ ಕಂಪನಿ ಕೊಟ್ಟ ಕಾರೇ ವಾಸಿ.