ವಂಶಾವಳಿ ಅಚ್ಚಿಗೆ ಹೋಗುವ ಮುನ್ನ

ಷಷ್ಟ್ಯಬ್ದಿ, ಗೃಹಪ್ರವೇಶ, ಕುಲದೇವರ ಸಮಾರಾಧನೆಗೆ ಬಂದವರಿಗೆ ತಾಂಬೂಲದ ಜೊತೆ ಮನೆತನದ ಚರಿತ್ರೆಯ ಪುಸ್ತಕವನ್ನೂ ಕೊಡುವ ಕುಟುಂಬಗಳಿವೆ. ಯಾರೋ ಒಬ್ಬರು ವರ್ಷಗಟ್ಟಲೆ ಊರೂರು ಅಲೆದು, ಅಜ್ಜಿಯರನ್ನು ಮಾತಾಡಿಸಿ, ತಾಲ್ಲೂಕು ಕಚೇರಿಯ ಕಡತ ತಿರುವಿ ಕಲೆಹಾಕಿದ ಸಂಗತಿ ಅದರಲ್ಲಿರುತ್ತದೆ. ದಪ್ಪ ರಟ್ಟು, ಬಣ್ಣದ ಪುಟಗಳು, ಬಿಡಿಸಿ ಹರಡಬೇಕಾದಷ್ಟು ದೊಡ್ಡ ವಂಶವೃಕ್ಷ. ಪಡೆದವರು ತಮ್ಮ ಹೆಸರು ಎಲ್ಲಿದೆ ಎಂದು ಹುಡುಕಿ ನೋಡಿ ಕಪಾಟಿನಲ್ಲಿಡುತ್ತಾರೆ. ಊರಿನ ಚರಿತ್ರೆ ಬರೆಯುವವರು, ಸಂಶೋಧನಾ ವಿದ್ಯಾರ್ಥಿಗಳು, ಅದೇ ಸೀಮೆಯಿಂದ ಗುಳೆ ಹೋದ ಬೇರೆ ಮನೆತನದವರು ಇದನ್ನು ನಿಜಕ್ಕೂ ಬಳಸಬಲ್ಲರು. ಆದರೆ ಅವರಿಗೆ ಪುಸ್ತಕ ಸಿಗುವುದಿಲ್ಲ. ಸಿಕ್ಕರೂ ನಂಬುವುದು ಕಷ್ಟ, ಯಾಕೆಂದರೆ ಯಾವ ಮಾತು ಎಲ್ಲಿಂದ ಬಂತು ಎಂಬುದು ಅದರಲ್ಲಿ ಇರುವುದೇ ಇಲ್ಲ.

ಕನ್ನಡ ನಾಡಿಗೆ ವಂಶಾವಳಿ ಹೊಸದಲ್ಲ. ಉತ್ತರ ಕರ್ನಾಟಕದಲ್ಲಿ ಹೆಳವರು ಎತ್ತಿನೊಂದಿಗೆ ಮನೆಬಾಗಿಲಿಗೆ ಬಂದು ತಲೆಮಾರುಗಳ ಹೆಸರನ್ನು ಒಪ್ಪಿಸುತ್ತಾ ಬಂದಿದ್ದಾರೆ. ಹರಿದ್ವಾರ, ಗಯೆಗಳ ಕ್ಷೇತ್ರ ಪುರೋಹಿತರಾದ ಪಂಡಾಗಳ ಬಹಿಗಳಲ್ಲಿ, ಅಂದರೆ ದಾಖಲೆ ಪುಸ್ತಕಗಳಲ್ಲಿ, ಯಾತ್ರಿಕರ ಕುಟುಂಬಗಳ ಹೆಸರುಗಳಿವೆ. ಕರ್ನಲ್ ಮೆಕೆಂಜಿ ಸಂಗ್ರಹಿಸಿದ ಕೈಫಿಯತ್ತುಗಳಲ್ಲಿ ಊರು, ಪಾಳೆಯಪಟ್ಟುಗಳ ಕಥನವಿದೆ. ಆಕರಗಳಿಗೆ ಬರವಿಲ್ಲ. ಅವುಗಳನ್ನು ಹೊರಗಿನವರ ಮುಂದೆ ಇಡುವ ಕ್ರಮದಲ್ಲೇ ತೊಡಕು.

ಎಳೆ ಒಂದೇ ಇರಲಿ

ಮೊದಲ ಕೆಲಸ, ಎಲ್ಲವನ್ನೂ ಹೇಳುವ ಆಸೆ ಬಿಡುವುದು. ಗೋತ್ರದ ಋಷಿಯಿಂದ ಆರಂಭಿಸಿ ಮೊನ್ನೆ ಹುಟ್ಟಿದ ಮಗುವಿನವರೆಗೆ ಬರುವ ಪುಸ್ತಕವನ್ನು ಮನೆಯವರಲ್ಲದೆ ಬೇರೆ ಯಾರೂ ಓದುವುದಿಲ್ಲ. ಹೊರಗಿನ ಓದುಗನಿಗೆ ಬೇಕಾದದ್ದು ಒಂದು ಪ್ರಶ್ನೆ: ಈ ಮನೆಯವರು ನೇಯ್ಗೆ ಬಿಟ್ಟದ್ದು ಯಾವಾಗ? ಘಟ್ಟದ ಕೆಳಗಿಂದ ಮೇಲೆ ಬಂದದ್ದು ಏಕೆ? ಶಾನುಭೋಗಿಕೆ ಹೋದ ಮೇಲೆ ಹೇಗೆ ಬದುಕಿದರು? ಆ ಪ್ರಶ್ನೆಯ ಸುತ್ತ ನಲವತ್ತು, ಐವತ್ತು ಪುಟ ಸಾಕು. ಪೂರ್ತಿ ವಂಶವೃಕ್ಷ ಅನುಬಂಧದಲ್ಲಿರಲಿ.

ಹೀಗೆ ಎಳೆ ಸಿಕ್ಕರೆ ಊರಿನ ಚರಿತ್ರೆಯೊಂದಿಗೆ ಅದನ್ನು ಹೆಣೆಯುವುದು ಸುಲಭ. ಊರಿನ ಹೆಸರನ್ನು 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಹುಡುಕಬೇಕು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯಲ್ಲಿ ಪ್ರವಾಸ ಹೊರಟ ಫ್ರಾನ್ಸಿಸ್ ಬುಕಾನನ್ ತಾನು ಹಾದ ಊರುಗಳ ಬೆಳೆ, ಕಸುಬು, ಸಂತೆಗಳನ್ನು ಬರೆದಿಟ್ಟಿದ್ದಾನೆ. 1807ರಲ್ಲಿ ಅಚ್ಚಾದ ಆ ಮೂರು ಸಂಪುಟಗಳಲ್ಲಿ ಅಜ್ಜನ ಊರು ಸಿಕ್ಕರೆ, ಮನೆಯ ಕಥೆಗೆ ಹೊರಗಿನ ಸಾಕ್ಷಿಯೊಂದು ದೊರೆತಂತೆ.

ಪ್ರತಿ ಸಂಗತಿಯ ಪಕ್ಕ ಅದರ ಮೂಲ ಬರೆಯಬೇಕು. ದಾಖಲೆಯಲ್ಲಿ ಕಂಡದ್ದು, ಹಿರಿಯರು ಹೇಳಿದ್ದು, ಬರೆಯುವವರ ಊಹೆ ಎಂಬ ಮೂರು ಗುರುತು ಸಾಕು. ಹಿರಿಯರು ಹೇಳಿದ್ದಾದರೆ ಯಾರು, ಯಾವ ವರ್ಷ, ಎಲ್ಲಿ ಹೇಳಿದರು ಎಂಬುದೂ ಬೇಕು. ಹೆಳವರಿಂದ ಪಡೆದದ್ದಾದರೆ ಅವರ ಒಪ್ಪಿಗೆ ಪಡೆದು, ಸಂಭಾವನೆ ಕೊಟ್ಟು, ಅವರ ಊರಿನ ಸಮೇತ ದಾಖಲಿಸುವುದು ನ್ಯಾಯ.

ಅರವತ್ತು ವರ್ಷದ ತಪ್ಪು

ಅತಿ ಹೆಚ್ಚು ಪುಸ್ತಕಗಳು ಮುಗ್ಗರಿಸುವುದು ಇಸವಿಯ ಲೆಕ್ಕದಲ್ಲಿ. ಜಾತಕ, ಪತ್ರ, ಲೆಕ್ಕದ ಪುಸ್ತಕಗಳಲ್ಲಿ ಸಂವತ್ಸರದ ಹೆಸರಷ್ಟೇ ಇರುವುದುಂಟು. 'ರಕ್ತಾಕ್ಷಿ ಸಂವತ್ಸರದಲ್ಲಿ ಜನನ' ಎಂದಿದ್ದರೆ ಅದು 1864 ಆಗಬಹುದು, 1924 ಆಗಬಹುದು, 1984 ಕೂಡ ಆಗಬಹುದು. ಸಂವತ್ಸರ ಚಕ್ರ ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. ತಪ್ಪು ಸುತ್ತನ್ನು ಹಿಡಿದರೆ ಎರಡು ತಲೆಮಾರು ಒಂದರ ಮೇಲೊಂದು ಕೂರುತ್ತವೆ, ಅಜ್ಜ ಮೊಮ್ಮಗನ ಕಾಲದಲ್ಲಿ ಹುಟ್ಟುತ್ತಾನೆ. ಒಮ್ಮೆ ಅಚ್ಚಾದ ಮೇಲೆ ಆ ಇಸವಿಯನ್ನು ಮುಂದಿನವರೂ ಹಾಗೇ ನಕಲು ಮಾಡುತ್ತಾರೆ.

ಲೆಕ್ಕ ಸರಳ. ಶಾಲಿವಾಹನ ಶಕ ವರ್ಷಕ್ಕೆ 12 ಸೇರಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷವೇ ಸಂವತ್ಸರದ ಕ್ರಮಸಂಖ್ಯೆ. ಪ್ರಭವ ಒಂದನೆಯದು; ಶೇಷ ಸೊನ್ನೆ ಬಂದರೆ ಕೊನೆಯದಾದ ಅಕ್ಷಯ. ಶಕ 1798ಕ್ಕೆ 12 ಸೇರಿಸಿದರೆ 1810, ಶೇಷ 10, ಹತ್ತನೆಯದು ಧಾತು. ಶಕಕ್ಕೆ 78 ಕೂಡಿಸಿದರೆ ಕ್ರಿಸ್ತಶಕ 1876. ಮೈಸೂರು ಸೀಮೆಯನ್ನು ನಡುಗಿಸಿದ 'ಧಾತು ಈಶ್ವರದ ಬರ' ಶುರುವಾದದ್ದು ಅದೇ ವರ್ಷ. ಹಳೆಯ ಕೆಲವು ಬರಹಗಳಲ್ಲಿ ಸಂದ ವರ್ಷದ ಬದಲು ನಡೆಯುತ್ತಿರುವ ಶಕ ವರ್ಷವನ್ನು ಕೊಡುವುದರಿಂದ ಒಂದು ವರ್ಷದ ವ್ಯತ್ಯಾಸ ಬರಬಹುದು. ಆದ್ದರಿಂದ ಅಂಕಿ ಮತ್ತು ಹೆಸರು ಎರಡನ್ನೂ ತಾಳೆ ನೋಡಬೇಕು.

ಇಲ್ಲಿಗೆ ನಿಲ್ಲಿಸುವವರು ಇನ್ನೊಂದು ಕಡೆ ಎಡವುತ್ತಾರೆ. ಚಾಂದ್ರಮಾನ ಸಂವತ್ಸರ ಯುಗಾದಿಯಿಂದ ಯುಗಾದಿಗೆ ನಡೆಯುತ್ತದೆ, ಅದರ ಕೊನೆಯ ತಿಂಗಳುಗಳು ಮುಂದಿನ ಇಸವಿಗೆ ಬೀಳುತ್ತವೆ. 1924ರಲ್ಲಿ ಆರಂಭವಾದ ರಕ್ತಾಕ್ಷಿಯ ಮಾಘ ಮಾಸದಲ್ಲಿ ಹುಟ್ಟಿದವರ ಇಸವಿ 1925. ತುಳುನಾಡಿನ ಸೌರಮಾನದಲ್ಲಿ ವರ್ಷ ತಿರುಗುವುದು ಬಿಸುವಿಗೆ. ಯುಗಾದಿಗೂ ಬಿಸುವಿಗೂ ನಡುವಿನ ದಿನಗಳಲ್ಲಿ ಎರಡು ಪದ್ಧತಿಗಳ ಸಂವತ್ಸರ ಬೇರೆಯಾಗುತ್ತದೆ. ಉತ್ತರದ ಕ್ಷೇತ್ರಗಳ ಬಹಿಗಳಲ್ಲಿ ವಿಕ್ರಮ ಶಕೆ ಇದ್ದರೆ 57 ಕಳೆಯಬೇಕು. ಹೈದರಾಬಾದ್ ಪ್ರಾಂತ್ಯದ, ಹಳೆಯ ಮದರಾಸಿಗೆ ಸೇರಿದ್ದ ಬಳ್ಳಾರಿ, ದಕ್ಷಿಣ ಕನ್ನಡದ ಕಂದಾಯ ಕಾಗದಗಳಲ್ಲಿ ಫಸಲಿ ವರ್ಷ ಕಂಡರೆ 590 ಕೂಡಿಸಬೇಕು. ಶ್ರಾದ್ಧದ ತಿಥಿ ಮಾತ್ರ ಗೊತ್ತಿದ್ದು ವರ್ಷ ಗೊತ್ತಿಲ್ಲದ ಮನೆಗಳು ಬಹಳ. ಅಲ್ಲಿ ವರ್ಷವನ್ನು ಊಹಿಸಿ ತುಂಬುವುದಕ್ಕಿಂತ ತಿಥಿಯನ್ನಷ್ಟೇ ಬರೆದು ಜಾಗ ಖಾಲಿ ಬಿಡುವುದು ಪ್ರಾಮಾಣಿಕ.

ಯಾವ ಸುತ್ತು ಎಂದು ತೀರ್ಮಾನಿಸಲು ಎಲ್ಲರಿಗೂ ನೆನಪಿದ್ದ ಘಟನೆಗಳು ನೆರವಾಗುತ್ತವೆ. 1876–78ರ ಬರ, 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು, 1918ರ ಇನ್‌ಫ್ಲುಯೆಂಜಾ. 'ಪ್ಲೇಗಿನಲ್ಲಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದಾಗ ಅಜ್ಜಿ ಕೈಗೂಸು' ಎಂಬ ಮಾತು ಸಂವತ್ಸರದ ಹೆಸರಿಗಿಂತ ಎಷ್ಟೋ ಪಾಲು ಗಟ್ಟಿ ಸಾಕ್ಷಿ. ಆದರೆ ಪ್ಲೇಗು ಹಲವು ವರ್ಷ ಮರುಕಳಿಸಿತು. ಅದನ್ನೂ ಮೊದಲ ವರ್ಷಕ್ಕೇ ಕಟ್ಟಿಹಾಕಬಾರದು. ಪುಸ್ತಕದಲ್ಲಿ ಮೂಲದ ಸಂವತ್ಸರ, ಮಾಸ, ತಿಥಿಗಳನ್ನು ಇದ್ದಂತೆಯೇ ಅಚ್ಚುಮಾಡಿ, ಇಸವಿಯನ್ನು ಪಕ್ಕದಲ್ಲಿ ಕೊಟ್ಟರೆ ಮುಂದಿನವರು ತಿದ್ದಲು ದಾರಿ ಉಳಿಯುತ್ತದೆ.

ಹೆಣ್ಣುಮಕ್ಕಳು, ಬದುಕಿರುವವರು, ನ್ಯಾಯಾಲಯ

ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರಿಲ್ಲದ ವಂಶವೃಕ್ಷ ಅರ್ಧ ಸತ್ಯ. ಸೊಸೆಯರ ತವರೂರನ್ನು ಬರೆದಿಟ್ಟರೆ ಆ ಕಾಲದ ನಂಟಸ್ತಿಕೆಯ ನಕ್ಷೆಯೇ ಸಿಗುತ್ತದೆ. ಹೊರಗಿನ ಓದುಗನಿಗೆ ಅತ್ಯಂತ ಬೆಲೆಯುಳ್ಳ ಭಾಗ ಅದು. ಕರಾವಳಿಯ ಅಳಿಯಕಟ್ಟಿನ ಕುಟುಂಬಗಳಲ್ಲಿ ವಂಶ ನಡೆಯುವುದೇ ತಾಯಿಯ ಕಡೆಯಿಂದ. ತಂದೆಯಿಂದ ಮಗನಿಗೆ ಗೆರೆ ಎಳೆಯುವ ಸಿದ್ಧ ತಂತ್ರಾಂಶಗಳಿಗೆ ಅಂಥ ಮನೆತನವನ್ನು ಒಗ್ಗಿಸಲು ಹೋಗಬಾರದು. ನಕ್ಷೆಯ ಗೆರೆಯನ್ನು ತಾಯಿಯಿಂದಲೇ ಎಳೆಯಬೇಕು.

ಬದುಕಿರುವವರ ವಿಷಯದಲ್ಲಿ ಹೆಸರು ಮತ್ತು ಸಂಬಂಧ ಸಾಕು, ಅದೂ ಅವರನ್ನು ಕೇಳಿ. ಹುಟ್ಟಿದ ದಿನ, ದೂರವಾಣಿ, ತಾಯಿಯ ತವರಿನ ಹೆಸರು ಒಂದೇ ಕಡೆ ಸಿಕ್ಕರೆ ವಂಚಕರಿಗೆ ಅನುಕೂಲ. ದತ್ತು, ಎರಡನೆಯ ಸಂಸಾರ, ಕಾಯಿಲೆಗಳ ಸಂಗತಿಯನ್ನು ಮಕ್ಕಳು ಪುಸ್ತಕದಿಂದ ಮೊದಲ ಬಾರಿಗೆ ತಿಳಿಯುವಂತಾಗಬಾರದು.

ಬಹಳ ಜನಕ್ಕೆ ಗೊತ್ತಿಲ್ಲದ ಮಾತೊಂದಿದೆ. ತೀರಿಹೋದವರು ವ್ಯಾಜ್ಯ ಹುಟ್ಟುವ ಮೊದಲೇ ಕುಟುಂಬದ ವಂಶಾವಳಿಯಲ್ಲಿ ಬರೆದಿಟ್ಟ ಸಂಬಂಧದ ಹೇಳಿಕೆಯನ್ನು ನ್ಯಾಯಾಲಯ ಪರಿಗಣಿಸಲು ಅವಕಾಶವಿದೆ. 1872ರ ಸಾಕ್ಷ್ಯ ಕಾಯ್ದೆಯ 32ನೇ ಕಲಮಿನಲ್ಲಿದ್ದ ಈ ಅಂಶ ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 26ನೇ ಕಲಮಿನಲ್ಲಿ ಮುಂದುವರಿದಿದೆ. ಅನುಮಾನದ ಸಂಬಂಧವನ್ನು ಖಚಿತವೆಂಬಂತೆ ಬರೆದರೆ, ಅದು ಮೊಮ್ಮಕ್ಕಳ ಆಸ್ತಿ ವ್ಯಾಜ್ಯದಲ್ಲಿ ಎದುರಾಗಬಹುದು. ನಾಡಕಚೇರಿ ಕೊಡುವ ವಂಶವೃಕ್ಷ ಪ್ರಮಾಣಪತ್ರಕ್ಕೆ ಈ ಪುಸ್ತಕ ಬದಲಿಯೂ ಅಲ್ಲ.

ಪತ್ರಗಳನ್ನು ಅಚ್ಚು ಮಾಡುವಾಗಲೂ ಎಚ್ಚರ ಬೇಕು. ಕಾಗದ ಕೈಯಲ್ಲಿದ್ದರೂ ಅದರ ಹಕ್ಕುಸ್ವಾಮ್ಯ ಬರೆದವರದು, ಅವರ ನಂತರ ವಾರಸುದಾರರದು. ದುಡ್ಡು ಕೊಟ್ಟು ಸ್ಟುಡಿಯೋದಲ್ಲಿ ತೆಗೆಸಿಕೊಂಡ ಫೋಟೋ ಮಾತ್ರ, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿಕೊಂಡವರಿಗೇ ಸೇರುತ್ತದೆ.

ಪ್ರತಿಗಳು ಎಲ್ಲಿರಬೇಕು

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಮೈಸೂರು ಬಳಿಯ ಹಳ್ಳಿಯೊಂದರ ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನು ವರ್ಷಗಟ್ಟಲೆ ಪರಿಷ್ಕರಿಸಿ ಮೂರು ಪ್ರತಿ ಮಾಡಿಟ್ಟಿದ್ದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಕೇಂದ್ರಕ್ಕೆ ಕಿಡಿಗೇಡಿಗಳು ಬೆಂಕಿ ಇಟ್ಟಾಗ ಮೂರೂ ಸುಟ್ಟವು, ಯಾಕೆಂದರೆ ಮೂರೂ ಅಲ್ಲೇ ಇದ್ದವು. 'ದ ರಿಮೆಂಬರ್ಡ್ ವಿಲೇಜ್' ಕೃತಿಯನ್ನು ಅವರು ಬಹುಪಾಲು ನೆನಪಿನಿಂದಲೇ ಬರೆಯಬೇಕಾಯಿತು. ಎಲ್ಲರಿಗೂ ಅಂಥ ನೆನಪಿರುವುದಿಲ್ಲ. ಮೂಲ ಕಾಗದಗಳ ಸ್ಕ್ಯಾನ್ ಪ್ರತಿಗಳು ಮೂರು ಬೇರೆ ಊರುಗಳಲ್ಲಿರಲಿ.

ಡಿಟಿಪಿ ಕೇಂದ್ರಕ್ಕೆ ಕೊಡುವಾಗ ಯೂನಿಕೋಡ್‌ನಲ್ಲೇ ಬೆರಳಚ್ಚಾಗಬೇಕೆಂದು ಮೊದಲೇ ಹೇಳಬೇಕು. ಹಳೆಯ ಫಾಂಟುಗಳಲ್ಲಿ ಕೂರಿಸಿದ ಪುಟದಲ್ಲಿ ಹೆಸರು ಹುಡುಕಲಾಗದು. ಕೊನೆಯಲ್ಲಿ ವ್ಯಕ್ತಿ ಮತ್ತು ಊರುಗಳ ಅಕಾರಾದಿ ಸೂಚಿ ಕಡ್ಡಾಯ. ಐಎಸ್‌ಬಿಎನ್ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆ ಉಚಿತವಾಗಿ ಕೊಡುತ್ತದೆ, ಲೇಖಕರೇ ಅರ್ಜಿ ಹಾಕಬಹುದು. 1954ರ ಕಾಯ್ದೆಯಂತೆ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೂ ಪ್ರತಿ ಕಳಿಸಬೇಕು. ಜಿಲ್ಲಾ ಗ್ರಂಥಾಲಯ, ಹತ್ತಿರದ ವಿಶ್ವವಿದ್ಯಾಲಯದ ಕನ್ನಡ ಮತ್ತು ಇತಿಹಾಸ ವಿಭಾಗ, ಬೆಂಗಳೂರಿನ ಮಿಥಿಕ್ ಸೊಸೈಟಿ, ಊರಿನ ಶಾಲೆಗೆ ಒಂದೊಂದು ಪ್ರತಿ. ತಿದ್ದುಪಡಿ ಕಳಿಸಲು ವಿಳಾಸವಿರುವ ಚೀಟಿಯನ್ನು ಪ್ರತಿ ಪುಸ್ತಕದಲ್ಲೂ ಇಡಬೇಕು. ಬಂದ ತಿದ್ದುಪಡಿಗಳನ್ನು ವರ್ಷಕ್ಕೊಮ್ಮೆ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಇದೇ ಗ್ರಂಥಾಲಯಗಳಿಗೆ ತಲುಪಿಸಬೇಕು.