ಮಾತ್ರೆಯಂತೆ ನಡಿಗೆಗೂ ಒಂದು ಡೋಸ್

ಕ್ರೀಡಾವಿಜ್ಞಾನದಲ್ಲಿ ಎಂ.ಎಸ್ಸಿ.ಗೆ ಸೇರಿದಾಗ ನನ್ನ ಮನಸ್ಸೆಲ್ಲ ಓಟಗಾರರ ಮೇಲಿತ್ತು. ಕಾರ್ಡಿಯಾಕ್ ರಿಹ್ಯಾಬಿಲಿಟೇಶನ್ ವಿಷಯ ತೆಗೆದುಕೊಂಡು ಆಸ್ಪತ್ರೆಯ ವ್ಯಾಯಾಮದ ಕೋಣೆಗೆ ಕಾಲಿಟ್ಟ ಮೇಲೆ ಅಲ್ಲೇ ಉಳಿದುಬಿಟ್ಟೆ. ಅಲ್ಲಿಗೆ ಬರುತ್ತಿದ್ದವರು ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡವರು, ಬೈಪಾಸ್ ಆದವರು. ಓಟಗಾರನಿಗೂ ಅವರಿಗೂ ದೇಹದ ನಿಯಮ ಒಂದೇ. ತಾಳುವಷ್ಟು ಹೊರೆ, ಬೇಕಾದಷ್ಟು ವಿಶ್ರಾಂತಿ, ಮತ್ತೆ ಒಂದಿಷ್ಟು ಹೆಚ್ಚು ಹೊರೆ. ಬದಲಾಗುವುದು ಪ್ರಮಾಣ ಮಾತ್ರ. ಆ ಪ್ರಮಾಣವನ್ನು ಒಬ್ಬೊಬ್ಬರಿಗೂ ಅಳೆದು ಗೊತ್ತುಮಾಡುವುದೇ ಈ ವಿದ್ಯೆಯ ತಿರುಳು.

ಹಾರ್ಟ್ ಅಟ್ಯಾಕ್ ಆದವರಿಗೆ ಮನೆಯವರು ಹೇಳುವ ಮೊದಲ ಮಾತು, "ಇನ್ಮೇಲೆ ಏನೂ ಮಾಡ್ಬೇಡಿ, ಸುಮ್ನೆ ಕೂತಿರಿ." ಪ್ರೀತಿಯಿಂದ ಬರುವ ಮಾತು ಅದು. ಒಂದು ಕಾಲದಲ್ಲಿ ವೈದ್ಯರೂ ವಾರಗಟ್ಟಲೆ ಹಾಸಿಗೆ ಬಿಟ್ಟು ಏಳಲು ಬಿಡುತ್ತಿರಲಿಲ್ಲ. 1952ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ಇಂಥ ರೋಗಿಗಳನ್ನು ಕುರ್ಚಿಯಲ್ಲಿ ಕೂರಿಸಿದ್ದೇ ಆಗ ಎದೆಗಾರಿಕೆಯ ಕೆಲಸವಾಗಿತ್ತು. 1966ರಲ್ಲಿ ಡಲ್ಲಾಸ್‌ನಲ್ಲಿ ಐವರು ಆರೋಗ್ಯವಂತ ತರುಣರನ್ನು ಮೂರು ವಾರ ಮಲಗಿಸಿ ನೋಡಿದರು. ಆಮ್ಲಜನಕ ಬಳಸುವ ಅವರ ಸಾಮರ್ಥ್ಯ ಕಾಲು ಭಾಗಕ್ಕಿಂತ ಹೆಚ್ಚು ಇಳಿದಿತ್ತು. ಮೂವತ್ತು ವರ್ಷಗಳ ನಂತರ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ, ಮೂರು ದಶಕದ ವಯಸ್ಸಿಗಿಂತ ಆ ಮೂರು ವಾರದ ಹಾಸಿಗೆಯೇ ಹೆಚ್ಚು ಶಕ್ತಿ ಕಸಿದಿತ್ತೆಂದು ಗೊತ್ತಾಯಿತು. ಈ ಅಧ್ಯಯನ ಓದಿದ ಮೇಲೆ "ಸುಮ್ನೆ ಕೂತಿರಿ" ಎಂಬ ಮಾತಿಗೆ ನಾನು ತಲೆಯಾಡಿಸಿದ್ದಿಲ್ಲ.

ಹಾಗಾದರೆ ಎಷ್ಟು? ಜಿಮ್‌ಗಳಲ್ಲಿ 220ರಿಂದ ವಯಸ್ಸು ಕಳೆದು ನಾಡಿಯ ಮಿತಿ ಹೇಳುತ್ತಾರೆ. ಆರೋಗ್ಯವಂತರಲ್ಲೇ ಅದು ಹತ್ತಾರು ಬಡಿತ ಆಚೀಚೆ ಆಗುತ್ತದೆ. ಹೃದ್ರೋಗಿಗಳಲ್ಲಿ ಹಲವರು ಬೀಟಾ ಬ್ಲಾಕರ್ ತೆಗೆದುಕೊಳ್ಳುತ್ತಾರೆ. ಆ ಮಾತ್ರೆ ನಾಡಿಯನ್ನು ಏರಗೊಡುವುದಿಲ್ಲ. ಕೈಗಡಿಯಾರ "ಇನ್ನೂ ಓಡು" ಎನ್ನುವಾಗ ಮನುಷ್ಯ ಆಗಲೇ ಸೋತಿರುತ್ತಾನೆ. ಅದಕ್ಕೇ ನಾವು ಸ್ವೀಡನ್ನಿನ ಗುನ್ನಾರ್ ಬೋರ್ಗ್ ರೂಪಿಸಿದ 6ರಿಂದ 20ರವರೆಗಿನ ಅಳತೆಪಟ್ಟಿ ಹಿಡಿದು "ಎಷ್ಟು ಕಷ್ಟ ಅನಿಸ್ತಿದೆ?" ಎಂದು ಕೇಳುತ್ತೇವೆ. 11 ಎಂದರೆ ಹಗುರ, 13 ಎಂದರೆ ಕೊಂಚ ಕಷ್ಟ. ಹೆಚ್ಚಿನವರನ್ನು ಈ ಸುತ್ತಿನಲ್ಲೇ ಇರಿಸುತ್ತೇವೆ. ನಡೆಯುತ್ತ ಮಾತಾಡಲು ಆಗಬೇಕು, ಏದುಸಿರು ಬರಬಾರದು. ಯಂತ್ರ ತೋರಿಸುವ ಅಂಕಿಯ ಜೊತೆಗೆ ರೋಗಿಯ ಮಾತೂ ಒಂದು ಅಳತೆ ಎಂದು ಅಲ್ಲಿ ಕಲಿತೆ.

ಆ ಮಾತು ರೋಗಿಯ ಬಾಯಿಂದಲೇ ಬರಬೇಕು. ಬೈಪಾಸ್ ಆಗಿ ಕೆಲವು ವಾರ ಕಳೆದಿದ್ದ ಹಳ್ಳಿಯ ಅಮ್ಮನೊಬ್ಬರಿಗೆ ಆರು ನಿಮಿಷದ ನಡಿಗೆ ಪರೀಕ್ಷೆ ಮಾಡುತ್ತಿದ್ದೆ. ಮೂವತ್ತು ಮೀಟರ್ ಕಾರಿಡಾರ್, ಎರಡು ತುದಿಗೆ ಕೋನ್, ಪಕ್ಕದಲ್ಲಿ ಕುರ್ಚಿ. ನಿಮಿಷಕ್ಕೊಮ್ಮೆ "ಚೆನ್ನಾಗಿ ನಡೀತಿದ್ದೀರಿ" ಎಂದು ಒಂದೇ ದನಿಯಲ್ಲಿ ಹೇಳಬೇಕು, ಹುರಿದುಂಬಿಸಕೂಡದು. ಸೀರೆಯ ನೆರಿಗೆ ಎತ್ತಿ ಹಿಡಿದು ಗೋಡೆಯ ಪಕ್ಕದಲ್ಲೇ ನಡೆದರು. ಮುಗಿದ ಮೇಲೆ "ಎಷ್ಟು ಸುಸ್ತಾಯ್ತಮ್ಮಾ?" ಎಂದೆ. "ಅವರಿಗೆ ಏನೂ ಆಗಲ್ಲ ಮೇಡಂ, ಮನೇಲಿ ಕೆಲಸಾನೇ ಕೊಡಲ್ಲ" ಎಂದರು ಮಗ. ಮಗನನ್ನು ಹೊರಗೆ ಕೂರಲು ಹೇಳಿದೆ. ಆಮೇಲೆ ಅಮ್ಮ ಮೆಲ್ಲಗೆ ಕೇಳಿದರು: "ಕೊಡ ಎತ್ತಬೌದಾ? ನೆಲದ ಮೇಲೆ ಕೂತು ಎದ್ದರೆ ಎದೆ ಹೊಲಿಗೆ ಬಿಚ್ಚಲ್ವಾ?" ಎದೆಮೂಳೆ ಕೂಡಿಕೊಳ್ಳಲು ಎರಡು ಮೂರು ತಿಂಗಳು ಬೇಕು, ಅಲ್ಲಿಯವರೆಗೆ ಕೊಡ ಬೇಡ, ಚೊಂಬಿನಲ್ಲಿ ತನ್ನಿ ಎಂದೆ. ಕೈ ಊರದೆ ಕಾಲಿನ ಬಲದಿಂದ ಕುರ್ಚಿಯಿಂದ ಏಳುವುದನ್ನು ಹೇಳಿಕೊಟ್ಟೆ. ಅವರ ವ್ಯಾಯಾಮದ ಗುರಿ ಅಂದೇ ಗೊತ್ತಾಯಿತು: ನೆಲದಿಂದ ಏಳುವುದು, ತುಂಬಿದ ಕೊಡ ಎತ್ತುವುದು. ಗುರಿ ರೋಗಿಯ ಮನೆಯಿಂದಲೇ ಬಂದರೆ ಅಭ್ಯಾಸ ಬಿಡುವುದಿಲ್ಲ.

ಕ್ರೀಡಾಪಟುಗಳು ಅವಸರದಲ್ಲಿ ಹಾರಿಸಿಬಿಡುವ ವಾರ್ಮ್ ಅಪ್, ಕೂಲ್ ಡೌನ್ ಇಲ್ಲಿ ಬಿಡುವಂತೆಯೇ ಇಲ್ಲ. ಬ್ರಿಟನ್ನಿನಲ್ಲಿ ಮೊದಲಿಗೆ 15 ನಿಮಿಷ, ಕೊನೆಗೆ 10 ನಿಮಿಷ ಇಡುತ್ತಾರೆ. ನಿಧಾನವಾಗಿ ಶುರುಮಾಡಿದರೆ ಹೃದಯದ ರಕ್ತನಾಳಗಳು ಹಿಗ್ಗಲು ಹೊತ್ತು ಸಿಗುತ್ತದೆ. ಥಟ್ಟನೆ ನಿಂತರೆ ರಕ್ತ ಕಾಲಲ್ಲೇ ತಂಗಿ ಬಿ.ಪಿ. ಕುಸಿಯುತ್ತದೆ, ಬಡಿತ ತಾಳ ತಪ್ಪಬಹುದು.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ವ್ಯಾಯಾಮದ ಬಳಿಕ ಹೃದಯಾಘಾತವಾಗಿ ತೀರಿಕೊಂಡ ಮೇಲೆ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಜನ ಮುಗಿಬಿದ್ದರು. ತಪಾಸಣೆ ಒಳ್ಳೆಯದೇ. ಆದರೆ ಬೆವರು ಹರಿಸುವುದೇ ಅಪಾಯ ಎಂಬ ಭಯವೂ ಬೆಳೆಯಿತು. ಹೃದಯಕ್ಕೆ ಪೆಟ್ಟು ಬಿದ್ದವರಲ್ಲಿ ಅದು ಇನ್ನೂ ಆಳ. ಆ ಭಯ ಹೋಗುವುದು ಉಪದೇಶದಿಂದಲ್ಲ, ಪಕ್ಕದಲ್ಲಿ ಒಬ್ಬರು ನಿಂತು ನಡೆಸಿದಾಗ.

ಹಾಗೆ ನಡೆಸುವ ಕೇಂದ್ರಗಳು ನಮ್ಮಲ್ಲಿ ಕಡಿಮೆ. ಆದರೆ ದಾರಿಗಳಿವೆ. ಹೃದಯಾಘಾತವಾದ 3,959 ಮಂದಿಯನ್ನು ಸೇರಿಸಿಕೊಂಡು ದೇಶದ 24 ಆಸ್ಪತ್ರೆಗಳಲ್ಲಿ ನಡೆದ ಯೋಗ-ಕೇರ್ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಯೋಗದಿಂದ ಸಾವು ಅಥವಾ ಮರು ಆಘಾತ ಕಡಿಮೆಯಾಯಿತೆಂದು ಖಚಿತವಾಗಿ ಹೇಳಲು ಆಗಲಿಲ್ಲ. ಆದರೆ ಯೋಗ ಮಾಡಿದವರು ಮೊದಲಿನ ಕೆಲಸಕಾರ್ಯಗಳಿಗೆ ಹೆಚ್ಚು ಚೆನ್ನಾಗಿ ಮರಳಿದರು. ದುಬಾರಿ ಯಂತ್ರಗಳಿಲ್ಲದೆಯೂ ಜನರನ್ನು ಎಬ್ಬಿಸಿ ನಿಲ್ಲಿಸಬಹುದು ಎಂಬ ಧೈರ್ಯ ನನಗೆ ಇದರಿಂದ ಬಂತು.

ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಪಟ್ಟಿಯ ಕೆಳಗೆ ಒಂದು ಸಾಲು ಇರಲಿ: ದಿನಕ್ಕೆ ಎಷ್ಟು ನಿಮಿಷ ನಡೆಯಬೇಕು, ಎಷ್ಟು ಸುಸ್ತಾದರೆ ನಿಲ್ಲಬೇಕು, ಮುಂದಿನ ವಾರ ಎಷ್ಟು ಹೆಚ್ಚಿಸಬೇಕು. ಕ್ರೀಡಾವಿಜ್ಞಾನ ಓದುತ್ತಿರುವ ತಮ್ಮಂದಿರೇ, ತಂಗಿಯರೇ, ಆ ಸಾಲು ಬರೆಯಲು ಬಲ್ಲವರು ನೀವು. ಜಿಲ್ಲಾ ಆಸ್ಪತ್ರೆಗಳಿಗೂ ನಿಮ್ಮ ವಿದ್ಯೆ ಬೇಕಾಗಿದೆ, ಬನ್ನಿ.