ಗೋಡೆಯಿಲ್ಲದ ಗುರಿ

ಪರಮಾಣುವಿನ ಗರ್ಭದಲ್ಲಿರುವ ನ್ಯೂಕ್ಲಿಯಸ್ಸನ್ನು ಕಣ್ಣಾರೆ ಕಂಡವರಿಲ್ಲ. ಅದರ ಮೇಲೆ ಕಣಗಳನ್ನು ಹಾಯಿಸಿ, ಅವು ಚದರುವ ಬಗೆಯಿಂದಲೇ ಅದರ ಸ್ವರೂಪವನ್ನು ಊಹಿಸಬೇಕು. 1909ರಲ್ಲಿ ಮ್ಯಾಂಚೆಸ್ಟರಿನಲ್ಲಿ ರುದರ್‌ಫರ್ಡರ ಸಹಾಯಕರಾದ ಗೈಗರ್ ಮತ್ತು ಮಾರ್ಸ್‌ಡೆನ್ ಆಲ್ಫಾ ಕಣಗಳನ್ನು ಚಿನ್ನದ ರೇಕಿನ ಮೇಲೆ ಹಾಯಿಸಿದುದು ಪ್ರಸಿದ್ಧವಾಗಿದೆ. ಚಿನ್ನವನ್ನು ಬಡಿದು ರೇಕಾಗಿಸಿ ನಿಲ್ಲಿಸಬಹುದು. ಆದರೆ ಹೀಲಿಯಮ್ ಅನಿಲವೇ ಗುರಿಯಾಗಬೇಕಾದಾಗ ಮಾಡುವುದೇನು? ಗಾಳಿಯನ್ನು ಗೂಟಕ್ಕೆ ಕಟ್ಟಲಾದೀತೆ?

ಅನಿಲವನ್ನು ಡಬ್ಬಿಯಲ್ಲಿ ತುಂಬಬಹುದು, ನಿಜ. ಆದರೆ ಕಣಗಳು ಒಳಹೊಗಲು ಡಬ್ಬಿಗೆ ತೆಳುಹಾಳೆಯ ಕಿಟಕಿ ಬೇಕು. ಆ ಹಾಳೆಯಲ್ಲಿ ಕಣಗಳು ತಮ್ಮ ಶಕ್ತಿಯ ಒಂದಂಶವನ್ನು ಕಳೆದುಕೊಳ್ಳುತ್ತವೆ. ಎಲ್ಲವೂ ಸಮನಾಗಿ ಕಳೆದುಕೊಳ್ಳುವುದೂ ಇಲ್ಲ. ಹಾಳೆಯ ಪರಮಾಣುಗಳೂ ಡಿಕ್ಕಿಗೆ ಸಿಕ್ಕುತ್ತವೆ. ಹೊರಬಂದ ಕಣ ಅನಿಲದ್ದೋ, ಕಿಟಕಿಯದ್ದೋ? ಸಾಕ್ಷಿಯ ಜೊತೆಗೆ ಅವನ ಮನೆಯ ಗೋಡೆಯೂ ಮಾತನಾಡತೊಡಗಿದರೆ ನ್ಯಾಯಾಧೀಶನು ಯಾರನ್ನು ನಂಬಬೇಕು?

ಪರಿಹಾರ ದೊರೆತುದು ಅನಿರೀಕ್ಷಿತವಾದ ಕಡೆಯಿಂದ. 1878ರಲ್ಲಿ ಹಾಲಿನಿಂದ ಕೆನೆಯನ್ನು ಬೇರ್ಪಡಿಸುವ ಯಂತ್ರವನ್ನು ನಿರ್ಮಿಸಿದ ಸ್ವೀಡನ್ನಿನ ಇಂಜಿನಿಯರ್ ಗುಸ್ಟಾಫ್ ಡಿ ಲಾವಾಲ್, ಮುಂದಿನ ದಶಕದಲ್ಲಿ ಉಗಿಯ ಟರ್ಬೈನಿಗಾಗಿ ವಿಚಿತ್ರವಾದೊಂದು ಮೂತಿಯನ್ನು ರೂಪಿಸಿದನು. ಅದು ಮೊದಲು ಕಿರಿದಾಗಿ ಬಳಿಕ ಅಗಲವಾಗುತ್ತದೆ. ದಾರಿ ಕಿರಿದಾದಲ್ಲಿ ನೀರು ರಭಸದಿಂದ ಹರಿಯುವುದನ್ನು ಯಾವ ರೈತನೂ ಬಲ್ಲ. ಆದರೆ ಒತ್ತಡಕ್ಕೆ ಸಿಕ್ಕ ಅನಿಲವು ಮೂತಿಯ ಕಿರಿದಾದ ಕುತ್ತಿಗೆಯಲ್ಲಿ ಶಬ್ದದ ವೇಗವನ್ನು ಮುಟ್ಟಿತೆಂದರೆ ನಿಯಮವೇ ತಿರುಗುಮುರುಗಾಗುತ್ತದೆ: ದಾರಿ ಅಗಲವಾದಷ್ಟೂ ಅದು ಇನ್ನೂ ವೇಗವಾಗಿ ಓಡುತ್ತದೆ. ಅಣುಗಳ ಅಡ್ಡಾದಿಡ್ಡಿ ಚಲನೆ, ಎಂದರೆ ಅನಿಲದ ಕಾವು, ಬಹುಪಾಲು ಮುಂದೋಟವಾಗಿ ಮಾರ್ಪಡುತ್ತದೆ. ಅನಿಲ ತಣ್ಣಗಾಗಿ, ಬದಿಗೆ ಹೆಚ್ಚು ಹರಡದೆ, ನೇರವಾದ ಧಾರೆಯಾಗಿ ಚಿಮ್ಮುತ್ತದೆ.

ಈ ಧಾರೆಯೇ ಗುರಿಯಾದರೆ ಗೋಡೆಯೂ ಬೇಡ, ಕಿಟಕಿಯೂ ಬೇಡ. ಎದುರಿಗಿರುವ ಆಲಿಕೆ ಅನಿಲವನ್ನು ಹಿಡಿದುಕೊಳ್ಳುತ್ತದೆ. ತಪ್ಪಿಸಿಕೊಂಡುದನ್ನು ಪಂಪುಗಳು ಸೆಳೆದು ಸುತ್ತಲಿನ ನಿರ್ವಾತವನ್ನು ಕಾಯುತ್ತವೆ. ಕಂಪ್ರೆಸರ್ ಅದನ್ನು ಮತ್ತೆ ಮೂತಿಗೆ ತಳ್ಳುತ್ತದೆ. ಧಾರೆಯ ಅಗಲ ಕೆಲವೇ ಮಿಲಿಮೀಟರು. ಅದರ ಊಳಿಗದ ಯಂತ್ರಗಳೋ ರಾಶಿ ರಾಶಿ!

ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದಲ್ಲಿ ಇಂತಹ ಒಂದು ಸಲಕರಣೆ ಸಿದ್ಧವಾಗಿ ಮಿಚಿಗನ್ ರಾಜ್ಯ ವಿಶ್ವವಿದ್ಯಾನಿಲಯವನ್ನು ಸೇರಿತು. ಅದರ ಹೆಸರು ಜೆನ್ಸಾ. ನ್ಯೂಟ್ರಾನ್ ನಕ್ಷತ್ರವು ತನ್ನ ಜೊತೆಗಾರ ನಕ್ಷತ್ರದಿಂದ ಅನಿಲವನ್ನು ಸೆಳೆದುಕೊಂಡಾಗ ಅದರ ಮೈಮೇಲೆ ಆಗಾಗ ಸ್ಫೋಟಗಳಾಗಿ ಎಕ್ಸ್ ಕಿರಣಗಳು ಹೊಮ್ಮುತ್ತವೆ. ಅಲ್ಲಿ ಆರ್ಗಾನ್-34 ಹೀಲಿಯಮ್ಮಿನೊಡನೆ ಎಷ್ಟು ಬೇಗ ಬೆರೆಯುತ್ತದೆಂಬುದು ವಿವಾದದ ವಿಷಯವಾಗಿತ್ತು. ಪರೋಕ್ಷ ಪರೀಕ್ಷೆಗಳು ಸಿದ್ಧಾಂತದ ಲೆಕ್ಕಕ್ಕಿಂತ ಬಹಳ ಭಿನ್ನವಾದ ಉತ್ತರವನ್ನು ಸೂಚಿಸಿದ್ದವು. ಆರ್ಗಾನ್-34ರ ಅರ್ಧಾಯು ಒಂದು ಸೆಕೆಂಡಿಗಿಂತಲೂ ಕಡಿಮೆ. ಅದನ್ನು ಗುರಿಯಾಗಿ ನಿಲ್ಲಿಸುವಂತಿಲ್ಲ. ಆದುದರಿಂದ ಅದನ್ನೇ ಬಾಣವಾಗಿಸಿ ಹೀಲಿಯಮ್ ಧಾರೆಯ ಮೇಲೆ ಹಾಯಿಸಲಾಯಿತು. 2023ರಲ್ಲಿ ಪ್ರಕಟವಾದ ಆ ನೇರ ಅಳತೆ ಸಿದ್ಧಾಂತದ ಲೆಕ್ಕದೊಡನೆ ಚೆನ್ನಾಗಿ ಹೊಂದಿಕೊಂಡಿತು. ಸ್ಫೋಟದ ಸರಪಣಿಯಲ್ಲಿ ಅಳೆಯಬೇಕಾದ ಕೊಂಡಿಗಳು ಇನ್ನೂ ಅನೇಕ ಉಳಿದಿವೆ.